ಲೌಲ್ಯವೆಂಬ ಲಕ್ಷಣ: ಮಣ್ಣು ತಿನ್ನುವ ಬಯಕೆ ಮತ್ತು ಅದರ ಚಿಕಿತ್ಸೆಯ ಕ್ರಮ

ಚರಕಸಂಹಿತೆಯ ಚಿಕಿತ್ಸಾಸ್ಥಾನದ 16ನೆಯ ಅಧ್ಯಾಯ ಪಾಂಡುರೋಗಕ್ಕೆ, ಅಂದರೆ ಮೈ ಬಿಳಿಚಿಕೊಳ್ಳುವ ಕಾಯಿಲೆಗೆ, ಮೀಸಲು. ಅಲ್ಲಿ ಹೇಳಿರುವ ಐದು ಪಾಂಡುಗಳಲ್ಲಿ ನಾಲ್ಕಕ್ಕೆ ಹೆಸರು ದೋಷಗಳಿಂದ ಬಂದಿದೆ. ಐದನೆಯದಕ್ಕೆ ಮಾತ್ರ ರೋಗಿ ಮಾಡಿದ ಕೆಲಸದಿಂದ: ಮೃದ್ಭಕ್ಷಣ, ಮಣ್ಣು ತಿನ್ನುವುದು. ಸುಶ್ರುತ ಇದನ್ನು ಪ್ರತ್ಯೇಕ ಬಗೆಯೆಂದು ಎಣಿಸುವುದಿಲ್ಲ. ಚರಕ ಎಣಿಸುತ್ತಾನೆ, ಒಗರು ಮಣ್ಣು ವಾತವನ್ನು, ಸವುಳು ಮಣ್ಣು ಪಿತ್ತವನ್ನು, ಸಿಹಿ ಮಣ್ಣು ಕಫವನ್ನು ಕೆರಳಿಸುತ್ತದೆಂದು ಮಣ್ಣಿನ ರುಚಿಗಳನ್ನೂ ವಿಂಗಡಿಸುತ್ತಾನೆ. ತಿಂದವರನ್ನು ಎದುರಿಗೆ ಕೂರಿಸಿಕೊಂಡು ಕೇಳದೆ ಇಂಥ ವಿಂಗಡಣೆ ಹುಟ್ಟಿರಲಾರದು ಎಂಬುದು ನನ್ನ ಊಹೆ.

ಆತ ಕೊಡುವ ಚಿಕಿತ್ಸೆಯ ಕ್ರಮವೇ ಈ ಲೇಖನದ ಎಳೆ. ಮೊದಲು ರೋಗಿಯ ಬಲಾಬಲ ನೋಡಿ, ತೀಕ್ಷ್ಣವಾದ ಶೋಧನದಿಂದ ಹೊಟ್ಟೆಯ ಮಣ್ಣನ್ನು ಹೊರಹಾಕಬೇಕು. ಆಮೇಲೆ ಔಷಧದ ತುಪ್ಪಗಳಿಂದ ಬಲ ತುಂಬಬೇಕು. ಇಷ್ಟಾದ ಮೇಲೂ ಲೌಲ್ಯದಿಂದ, ಅಂದರೆ ತಡೆಯಲಾಗದ ಚಪಲದಿಂದ, ಮಣ್ಣು ಬಿಡದವನಿಗೆ ಮಣ್ಣನ್ನೇ ಕೊಡಬೇಕು! ಆದರೆ ಅದು ಬೇವಿನೆಲೆ, ವಾಯುವಿಡಂಗ, ಅತಿವಿಷ, ಕಟುರೋಹಿಣಿಯಂಥವುಗಳಲ್ಲಿ ಭಾವನೆ ಕೊಟ್ಟ, ಅಂದರೆ ನೆನೆಸಿ ಒಣಗಿಸಿದ, ಮಣ್ಣು. ಉದ್ದೇಶ ಎರಡು. ನಾಲಗೆಗೆ ಜಿಗುಪ್ಸೆ ಹುಟ್ಟಬೇಕು. ತಿಂದ ಮಣ್ಣಿನ ದೋಷವನ್ನು ಅದೇ ತುತ್ತಿನ ಔಷಧ ಕಳೆಯಬೇಕು. ಕೆಡುಕೆಂದು ತಿಳಿದವನೂ ಬಿಡಲಾರ ಎಂಬುದನ್ನು ಒಪ್ಪಿಕೊಂಡ ವೈದ್ಯನ ಬರಹ ಇದು. ಬೈದು ಬಿಡಿಸುವ ಮಾತು ಈ ಕ್ರಮದಲ್ಲಿ ಎಲ್ಲಿಯೂ ಇಲ್ಲ.

ಇಂದಿನ ವೈದ್ಯಕೀಯ ಈ ಚಪಲಕ್ಕೆ ಪೈಕಾ ಎನ್ನುತ್ತದೆ. ಸಿಕ್ಕಿದ್ದನ್ನೆಲ್ಲ ಕೊಕ್ಕಿಗೆ ಹಾಕಿಕೊಳ್ಳುವುದೆಂದು ಹೆಸರಾದ ಹಕ್ಕಿಯೊಂದರ ಲ್ಯಾಟಿನ್ ಹೆಸರು ಅದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಪ್ರಕಾರ, ಆಹಾರವಲ್ಲದ್ದನ್ನು ಕನಿಷ್ಠ ಒಂದು ತಿಂಗಳು ತಿನ್ನುತ್ತಿರಬೇಕು. ಅದು ವಯಸ್ಸಿಗೆ ಸಹಜವಾಗಿರಬಾರದು. ಸಮುದಾಯ ಒಪ್ಪಿದ ಆಚರಣೆಯೂ ಆಗಿರಬಾರದು. ಎರಡು ವರ್ಷದೊಳಗಿನ ಕೂಸು ಕೈಗೆ ಸಿಕ್ಕಿದ್ದನ್ನು ಬಾಯಿಗಿಡುವುದು ರೋಗವಲ್ಲ. ನಮ್ಮಲ್ಲಿ ಪಟ್ಟಿ ಉದ್ದವೇ ಇದೆ: ಕೆಮ್ಮಣ್ಣು, ಗೋಡೆಯ ಸುಣ್ಣದ ಚಕ್ಕೆ, ಇದ್ದಿಲು, ವಿಭೂತಿ, ಬಳಪ. ಬಳಪ ಕಡಿದ ನೆನಪು ಸ್ಲೇಟು ಹಿಡಿದ ತಲೆಮಾರಿನ ಹಲವರಿಗಿದೆ. ಹಸಿ ಅಕ್ಕಿ ಮತ್ತು ಮಂಜುಗಡ್ಡೆ ಆಹಾರದ ಅಂಚಿನಲ್ಲಿ ನಿಲ್ಲುತ್ತವೆ. ಅವುಗಳ ಚಟವೂ ಇದೇ ಕುಟುಂಬದ್ದು. ಅಕ್ಕಿ ಮುಕ್ಕುವ ಹುಡುಗಿಗೆ ‘ಮದುವೆಯ ದಿನ ಮಳೆ ಬರುತ್ತೆ’ ಎಂದು ಹೆದರಿಸುವ ರೂಢಿಯಿದೆ. ಅವಳ ಕಣ್ಣಿನ ಕೆಳರೆಪ್ಪೆ ಎಳೆದು ರಕ್ತವಿದೆಯೇ ಎಂದು ನೋಡಿದವರು ಕಡಿಮೆ.

ರಕ್ತದ ಮಾತು ಬಂದಿದ್ದು ಸುಮ್ಮನಲ್ಲ. 2015ರಲ್ಲಿ ಪ್ರಕಟವಾದ ಮಿಯಾವೊ, ಯಂಗ್ ಮತ್ತು ಗೋಲ್ಡನ್ ಅವರ ವಿಶ್ಲೇಷಣೆ 43 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಪೈಕಾ ಇರುವವರಲ್ಲಿ ರಕ್ತಹೀನತೆಯ ಸಂಭವ ಇಲ್ಲದವರಿಗಿಂತ 2.35 ಪಟ್ಟು ಹೆಚ್ಚಿತ್ತು. ಸತುವಿನ ಮಟ್ಟವೂ ಕಡಿಮೆಯಿತ್ತು. ಹಾಗಾದರೆ ಕಬ್ಬಿಣ ಕಡಿಮೆಯಾಗಿ ಮಣ್ಣಿನ ಆಸೆ ಹುಟ್ಟುತ್ತದೆಯೋ, ಮಣ್ಣು ತಿಂದು ಕಬ್ಬಿಣ ಕಡಿಮೆಯಾಗುತ್ತದೆಯೋ? ಎರಡಕ್ಕೂ ಸಾಕ್ಷ್ಯವಿದೆ. ಮಿನ್ನಿಕ್ ಮತ್ತು ಸಂಗಡಿಗರು 1968ರಲ್ಲಿ ಟರ್ಕಿಯ ಜೇಡಿಮಣ್ಣನ್ನು ಪರೀಕ್ಷಿಸಿ, ಅದು ಕರುಳಿನಲ್ಲಿ ಕಬ್ಬಿಣ ಹೀರಿಕೆಯಾಗದಂತೆ ತಡೆಯುತ್ತದೆಂದು ತೋರಿಸಿದರು. ದೇಹ ತನಗೆ ಬೇಕಾದ ಕಬ್ಬಿಣವನ್ನು ಮಣ್ಣಿನಲ್ಲಿ ಹುಡುಕುತ್ತದೆ ಎಂಬ ಜನಪ್ರಿಯ ವಿವರಣೆ ಇಲ್ಲಿಗೆ ಕುಸಿಯುತ್ತದೆ. ಮಂಜುಗಡ್ಡೆಯಲ್ಲಿ ಯಾವ ಕಬ್ಬಿಣವಿದೆ? ಆದರೂ ಕಬ್ಬಿಣದ ಕೊರತೆಗೆ ಎಲ್ಲಕ್ಕಿಂತ ಹತ್ತಿರದ ನಂಟು ಮಂಜುಗಡ್ಡೆಯ ಚಟಕ್ಕೇ ಇದೆ. 2014ರ ಒಂದು ಸಣ್ಣ ಪ್ರಯೋಗದಲ್ಲಿ ಮಂಜುಗಡ್ಡೆ ಅಗಿದ ರಕ್ತಹೀನರ ಪ್ರತಿಕ್ರಿಯೆಯ ವೇಗ ಹೆಚ್ಚಿತು. ಆರೋಗ್ಯವಂತರಲ್ಲಿ ಏನೂ ಬದಲಾಗಲಿಲ್ಲ. ಮಂಕು ಕವಿದ ಮಿದುಳಿಗೆ ಅದೊಂದು ಚುರುಕು ಮುಟ್ಟಿಸುವ ಉಪಾಯವಿರಬಹುದು.

ಮಣ್ಣಿನ ಈ ವಿಷವರ್ತುಲ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಶಿರಾಜ್ ಸಾಕ್ಷಿ. ಬಿಹಾರದ ಬಕ್ಸರ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ತರಬೇತಿ ಪಡೆದ ವೈದ್ಯ ಆನಂದ ಪ್ರಸಾದ್, 1958ರಲ್ಲಿ ಇರಾನಿನ ಆ ನಗರದಲ್ಲಿ 21 ವರ್ಷದ ಒಬ್ಬ ರೋಗಿಯನ್ನು ಕಂಡರು. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಊಟ ಹೆಚ್ಚುಕಡಿಮೆ ರೊಟ್ಟಿಯಷ್ಟೇ. ಜೊತೆಗೆ ದಿನಕ್ಕೆ ಸುಮಾರು ಅರ್ಧ ಕಿಲೋ ಜೇಡಿಮಣ್ಣು. ತೀವ್ರ ರಕ್ತಹೀನತೆ, ಊದಿದ ಯಕೃತ್ತು ಮತ್ತು ಗುಲ್ಮ, ಬೆಳೆಯದ ಜನನಾಂಗ. ಇಂಥ ರೋಗಿಗಳ ವರದಿ 1961ರಲ್ಲಿ ಪ್ರಕಟವಾಯಿತು. ಮನುಷ್ಯರಿಗೆ ಸತು ಅನಿವಾರ್ಯವೆಂಬ ತಿಳಿವು ಮೊಳೆತಿದ್ದು ಇಲ್ಲಿಂದಲೇ. ಮಣ್ಣು ತಿನ್ನುವವರನ್ನು ಹುಚ್ಚರೆಂದು ಹೊರಗಟ್ಟದೆ ವಿಚಾರಿಸಿದ್ದಕ್ಕೆ ಪೋಷಣಶಾಸ್ತ್ರಕ್ಕೆ ಸಿಕ್ಕ ಫಲ ಇದು.

ಕರ್ನಾಟಕದ ಮಟ್ಟಿಗೆ ಪ್ರಶ್ನೆ ದೂರದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆಯಿತ್ತು. ಗರ್ಭಿಣಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ, 180 ದಿನ, ಎಂಬುದು ಸರ್ಕಾರದ ಕ್ರಮ. ಮಾತ್ರೆ ಮನೆ ಸೇರುತ್ತದೆ. ಹೊಟ್ಟೆ ಸೇರುವುದು ಬೇರೆ ಮಾತು. ಮಲ ಕಪ್ಪಾಗುತ್ತದೆ, ವಾಕರಿಕೆ ಬರುತ್ತದೆ. ಹಾಗಾಗಿ ಡಬ್ಬಿಯಲ್ಲೇ ಉಳಿಯುತ್ತದೆ. ಟೀ ಕಾಫಿ ಜೊತೆ ನುಂಗಿದರೆ ಹೀರಿಕೆಯೂ ಕಡಿಮೆ. ನಿಂಬೆ ಪಾನಕದ ಜೊತೆ ಒಳ್ಳೆಯದು. ಕಬ್ಬಿಣ ತುಂಬತೊಡಗಿದರೆ, ಹಿಮೋಗ್ಲೋಬಿನ್ ಏರುವ ಮೊದಲೇ, ಎಷ್ಟೋ ಜನರಲ್ಲಿ ಕೆಲವೇ ದಿನಗಳಲ್ಲಿ ಚಪಲ ತಗ್ಗುತ್ತದೆ. ವರ್ಷಗಳಿಂದ ಮನಸ್ಸಿನ ದೌರ್ಬಲ್ಯವೆಂದು ನಾಚಿಕೊಂಡಿದ್ದು ಮಾತ್ರೆಗೆ ಮಣಿದಾಗ ಬೆರಗಾಗದವರಿಲ್ಲ. ಹಾಗೆಯೇ ಬಿಟ್ಟುಹೋಗಿದ್ದ ಆಸೆ ಮರಳಿದರೆ ಮತ್ತೆ ರಕ್ತ ಪರೀಕ್ಷೆಯ ಹೊತ್ತು ಬಂದಿದೆ ಎಂದೇ ತಿಳಿಯಬೇಕು.

ಮಣ್ಣಿನ ಜೊತೆ ಹೊಟ್ಟೆ ಸೇರುವ ಜಂತುಹುಳುವಿನ ಕತೆ ಗೊತ್ತಿರುವುದೇ. ಆದರೂ ಒಂದು ಮಾತು: ಚರಕ ಈ ಪಾಂಡುವಿನ ಲಕ್ಷಣಗಳಲ್ಲಿ ಊದಿದ ಕೆನ್ನೆ ಕಾಲುಗಳ ಜೊತೆಗೆ ಹೊಟ್ಟೆಯ ಹುಳು, ರಕ್ತ ಬೆರೆತ ಮಲ ಎರಡನ್ನೂ ಸೇರಿಸುತ್ತಾನೆ. ಅದೇ ಅಧ್ಯಾಯದಲ್ಲಿ ಕಬ್ಬಿಣದ ಪುಡಿ ಸೇರುವ ನವಾಯಸ ಚೂರ್ಣವೂ ಇದೆ. ಇಷ್ಟರಿಂದ ಆತನಿಗೆ ಹಿಮೋಗ್ಲೋಬಿನ್ ಗೊತ್ತಿತ್ತು ಎನ್ನುವುದು ಹಾಸ್ಯಾಸ್ಪದ. ಹುಳು, ರಕ್ತನಷ್ಟ, ಬಿಳಿಚಿಕೆ, ಮಣ್ಣು ಒಟ್ಟಿಗೆ ಬರುತ್ತವೆಂದು ಆ ಸಂಪ್ರದಾಯ ಕಂಡುಕೊಂಡಿತ್ತು ಎನ್ನಲು ಅಡ್ಡಿಯಿಲ್ಲ.

ಕಬ್ಬಿಣದಿಂದ ನಿಲ್ಲದ ಚಪಲವೂ ಇದೆ. ಆಟಿಸಂ ಅಥವಾ ಬೌದ್ಧಿಕ ನ್ಯೂನತೆಯಿರುವ ಹಲವು ಮಕ್ಕಳಿಗೆ ಬಾಯಿಯೊಳಗಿನ ಕರಕರ ಸ್ಪರ್ಶವೇ ಸುಖ. ಹೆಚ್ಚಿನ ಸಲ ಯಾರ ಗಮನವೂ ಅವರಿಗೆ ಬೇಕಿರುವುದಿಲ್ಲ. ಅಲ್ಲಿ ರಕ್ತ ಪರೀಕ್ಷೆಯ ಜೊತೆಗೇ ನಡೆಯಬೇಕಾದ ಕೆಲಸ ಬೇರೆ. ಕೈಗೆಟುಕದಂತೆ ವಸ್ತುಗಳನ್ನು ತೆಗೆದಿಡುವುದು, ತಿನ್ನುವುದು ಯಾವುದು ಅಲ್ಲದ್ದು ಯಾವುದೆಂದು ಕಲಿಸುವುದು, ಹುರಿಗಡಲೆಯಂಥ ಗಟ್ಟಿ ತಿನಿಸು ಉಸಿರ್ನಾಳದಲ್ಲಿ ಸಿಕ್ಕಿಕೊಳ್ಳದಷ್ಟು ದೊಡ್ಡ ಮಗುವಾದರೆ ಅದನ್ನು ಕೊಡುವುದು, ಖಾಲಿ ಕೂರಿಸದಿರುವುದು. ಹಳೆಯ ಗೋಡೆಯ ಬಣ್ಣ ತಿನ್ನುವ ಮಗುವಿನ ರಕ್ತದಲ್ಲಿ ಸೀಸವನ್ನೂ ನೋಡಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮೊದಲು ಬಳಿದ ಗೋಡೆಗಳು ಇನ್ನೂ ನಿಂತಿವೆ. ಮಗುವಿನ ಬೆರಳಿಗೆ ಮೆಣಸಿನಪುಡಿ, ಬೇವಿನ ರಸ ಹಚ್ಚುವ ಮನೆಮದ್ದು ಚರಕನ ಕ್ರಮವನ್ನು ತಲೆಕೆಳಗು ಮಾಡಿದಂತೆ. ಆತ ಕೊನೆಗೆ ಇಟ್ಟ ಕಹಿಯನ್ನು ನಾವು ಮೊದಲಿಗೆ ತರುತ್ತೇವೆ, ಮೊದಲಿನ ಎರಡು ಮೆಟ್ಟಿಲನ್ನು ಹತ್ತುವುದೇ ಇಲ್ಲ.

ಮನೋವೈದ್ಯರ ಕೈಪಿಡಿಯ ‘ಸಮುದಾಯ ಒಪ್ಪಿದ ಆಚರಣೆ’ ಎಂಬ ವಿನಾಯಿತಿಯ ಬಗ್ಗೆ ನನಗೆ ತಕರಾರಿದೆ. ರೋಗವೆಂಬ ಹಣೆಪಟ್ಟಿಯಿಂದ ಅದು ಜನರನ್ನು ಉಳಿಸುತ್ತದೆ, ನಿಜ. ಆದರೆ ಪಶ್ಚಿಮ ಆಫ್ರಿಕಾದ ಸಂತೆಗಳಲ್ಲಿ ಬಸುರಿಯರಿಗೆಂದೇ ಮಾರುವ ಬಿಳಿಮಣ್ಣಿನ ಉಂಡೆಗಳಲ್ಲಿ ಸೀಸ ಸಿಕ್ಕಿದೆ. ಊರು ಒಪ್ಪಿದ ಮಾತ್ರಕ್ಕೆ ಸೀಸ ಮೆತ್ತಗಾಗುವುದಿಲ್ಲ. ನಮ್ಮ ಕಾವ್ಯಪರಂಪರೆಯಲ್ಲೂ ಈ ಒಪ್ಪಿಗೆ ಉಂಟು. ರಘುವಂಶದ ಮೂರನೆಯ ಸರ್ಗದಲ್ಲಿ ಬಸುರಿ ಸುದಕ್ಷಿಣೆಯ ಬಾಯಿಯ ಮಣ್ಣಿನ ಕಂಪನ್ನು ಅವಳ ಗಂಡ, ರಾಜ ದಿಲೀಪ, ಮೂಸಿ ತಣಿಯುವುದಿಲ್ಲ. ಮಗ ಭೂಮಿಯನ್ನು ಆಳುವವನಾದ್ದರಿಂದ ತಾಯಿಗೆ ಮೊದಲೇ ಭೂಮಿಯ ಆಸೆ ಎಂದು ಕವಿ ಅರ್ಥ ಹಚ್ಚುತ್ತಾನೆ. ಅರಮನೆಯಲ್ಲಿ ಅದು ದೋಹದ (ಬಸಿರ ಬಯಕೆ), ವೈದ್ಯನ ಮುಂದೆ ಲೌಲ್ಯ.

ನಮ್ಮ ಮನೆಗಳಲ್ಲಿ ಬಸುರಿಯನ್ನು ‘ಏನು ಬಯಕೆ?’ ಎಂದು ಕೇಳುತ್ತಾರೆ. ಉತ್ತರ ಮಾವಿನಕಾಯಿ, ಹುಣಸೆ, ಒಬ್ಬಟ್ಟು ಇರಬೇಕೆಂಬ ನಿರೀಕ್ಷೆ ಪ್ರಶ್ನೆಯೊಳಗೇ ಇರುತ್ತದೆ; ಮಣ್ಣು ಎನ್ನಲು ಬಾಯಿ ಬರುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋದಾಗ, ಅತ್ತೆ ಒಳಗಿರುವ ಹೊತ್ತು ನೋಡಿ, ‘ಅಕ್ಕಿ, ಬಳಪ, ಮಣ್ಣು, ಏನಾದ್ರೂ ತಿನ್ಬೇಕು ಅನ್ಸುತ್ತೇನಮ್ಮಾ? ತುಂಬಾ ಜನಕ್ಕೆ ಅನ್ಸುತ್ತೆ’ ಎಂದು ಕೇಳಬಹುದು. ಎರಡನೆಯ ವಾಕ್ಯವಿಲ್ಲದೆ ಮೊದಲನೆಯದಕ್ಕೆ ‘ಇಲ್ಲಕ್ಕಾ’ ಎಂಬ ಉತ್ತರವೇ ಬರುತ್ತದೆ.