ಬಾಲಕ್ಕೆ ತೆತ್ತ ಬೆಲೆ: ಕುದುರೆಯ ವ್ಯಾಪಾರದಿಂದ ಕುದುರೆಯ ಪಂದ್ಯದವರೆಗೆ

ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳು ಇಂದು ನಿಂತಿರುವ ನೆಲವು ಠಾಣೆ ಮತ್ತು ಕಲ್ಯಾಣ್ ಎಂಬ ಎರಡು ಹಳೆಯ ಬಂದರುಗಳ ನಡುವಿನದು. (ಈ ಕಲ್ಯಾಣ್ ಚಾಲುಕ್ಯ ಸೋಮೇಶ್ವರನ ಕಲ್ಯಾಣವಲ್ಲ, ಹೆಸರಿನ ಸಾಮ್ಯ ಹೊರನಾಡಿನ ಸಂಶೋಧಕರನ್ನು ಎಡವಿಸುವುದುಂಟು.) ಹದಿಮೂರನೆಯ ಶತಮಾನದ ಕೊನೆಯ ಠಾಣೆಯನ್ನು ಕುರಿತು ಮಾರ್ಕೊ ಪೋಲೊ ಒಂದು ವಿಚಿತ್ರ ಒಪ್ಪಂದವನ್ನು ದಾಖಲಿಸಿದ್ದಾನೆ. ಕಡಲುಗಳ್ಳರು ದೋಚಿದ ಸರಕಿನಲ್ಲಿ ಕುದುರೆಗಳೆಲ್ಲ ಅರಸನಿಗೆ, ಮಿಕ್ಕುದೆಲ್ಲ ಕಳ್ಳರಿಗೆ. ಕುದುರೆ ಅಷ್ಟು ದುರ್ಲಭವಾಗಿತ್ತು.

ದುರ್ಲಭವಾದುದನ್ನು ಜೋಪಾನ ಮಾಡುತ್ತಿದ್ದರೇ? ಪಾಂಡ್ಯರ ಕರಾವಳಿಯಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಕೊಂಡ ಕುದುರೆಗಳು ಆರೈಕೆಯಿಲ್ಲದೆ ಸಾಯುತ್ತಿದ್ದುವೆಂದೂ, ಅವು ಸತ್ತಷ್ಟೂ ಲಾಭವೆಂದು ವರ್ತಕರು ಅಶ್ವವೈದ್ಯರನ್ನು ಅತ್ತ ಹೋಗಗೊಡುತ್ತಿರಲಿಲ್ಲವೆಂದೂ ಅದೇ ಪ್ರವಾಸಿಯ ಹೇಳಿಕೆ. ಪರದೇಶಿಯ ಮಾತನ್ನು ಇಡಿಯಾಗಿ ನಂಬಬೇಕಿಲ್ಲ, ಕ್ರಿ.ಶ. 1400ರ ಸುಮಾರಿಗೆ ಅಭಿನವಚಂದ್ರನು ಕನ್ನಡದಲ್ಲಿಯೇ ಅಶ್ವವೈದ್ಯವನ್ನು ಬರೆದನು. ವಿದ್ಯೆ ಇತ್ತು. ಆದರೆ ವ್ಯಾಪಾರದ ಹಿತ ಬೇರೆಯಾಗಿತ್ತು.

ಇದಕ್ಕೆ ನನಗೆ ತೋರುವ ಪ್ರಬಲ ಸಾಕ್ಷ್ಯ ನೂನಿಜ್‌ನದು. ಸಾಳುವ ನರಸಿಂಹನು ಓರ್ಮುಜ್, ಏಡನ್‌ಗಳಿಂದ ತರಿಸಿದ ಕುದುರೆಗಳಿಗೆ, ಬದುಕಿದ್ದರೂ ಸತ್ತಿದ್ದರೂ, ಸಾವಿರ ಪರ್ದಾವುಗಳಿಗೆ ಮೂರರಂತೆ ಬೆಲೆ ಕೊಡುತ್ತಿದ್ದನಂತೆ. ಕಡಲಲ್ಲಿ ಸತ್ತುದಕ್ಕೆ ಬಾಲವನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಹಣ. ವರ್ತಕರನ್ನು ತನ್ನತ್ತ ಸೆಳೆಯಲು ಇದು ಜಾಣ ರಾಜನೀತಿಯೇ ಸರಿ. ಆದರೆ ಹಡಗಿನಲ್ಲಿ ಕುದುರೆಗೆ ನೀರು ಮೇವು ಕೊಡಬೇಕೆಂಬ ಒತ್ತಾಯವೊಂದು ಇದರಿಂದ ತಪ್ಪಿತೆನ್ನಬೇಕು. ತಂದ ಬಾಲ ಯಾವ ಕುದುರೆಯದೆಂದು ಪರೀಕ್ಷಿಸುವವರಾದರೂ ಯಾರು? ಪ್ರಾಣಿಯ ಕ್ಷೇಮವೂ ಲೆಕ್ಕದ ಪ್ರಾಮಾಣಿಕತೆಯೂ ಇಲ್ಲಿ ಒಂದೇ ಗಂಟಿನ ಎರಡು ತುದಿಗಳು.

ಇಂದಿನ ಕುದುರೆ ಪಂದ್ಯದ ಚರ್ಚೆಯಲ್ಲಿ ಇವೆರಡನ್ನು ಬೇರೆಬೇರೆಯಾಗಿ ನೋಡುವುದೇ ರೂಢಿ. ಮುಂಬಯಿ ಪ್ರಾಂತದಲ್ಲಿ 1912ರಲ್ಲಿ, ಮೈಸೂರಿನಲ್ಲಿ 1952ರಲ್ಲಿ ಬಂದ ಕಾಯಿದೆಗಳು ಪಂದ್ಯದ ಮೈದಾನಕ್ಕೆ ಪರವಾನಗಿಯನ್ನು ವಿಧಿಸಿದುವು. ಪ್ರಾಣಿಹಿಂಸೆಯ ವಿಚಾರಕ್ಕೆ 1960ರ ಕಾಯಿದೆಯೇ ಪ್ರತ್ಯೇಕ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಮದರಾಸಿನ ಮೊಕದ್ದಮೆಯಲ್ಲಿ, ಕುದುರೆ ಪಂದ್ಯವು ಜೂಜಲ್ಲ, ಕೌಶಲದ ಆಟವೆಂದು ತೀರ್ಪಿತ್ತಿತು. ಕುದುರೆಯ ತಳಿ, ತಾಲೀಮು, ಸವಾರನ ನೈಪುಣ್ಯಗಳನ್ನು ಅರಿತು ಪಣ ಕಟ್ಟಬಹುದೆಂಬುದೇ ಇದರ ತಿರುಳು. ಹಾಗಿದ್ದಲ್ಲಿ ಆ ಅರಿವು ನಿಜವಾದ ಕುದುರೆಯ ನಿಜವಾದ ದೇಹವನ್ನು ಕುರಿತದ್ದಾಗಿರಬೇಕು. 2017ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಕುದುರೆಯೊಂದರ ಪರೀಕ್ಷೆಯಲ್ಲಿ ಪ್ರೊಕೇನ್ ಕಂಡುಬಂದು ವಿಷಯವು ಪೊಲೀಸ್ ತನಿಖೆಯವರೆಗೆ ಹೋಯಿತು. ಪ್ರೊಕೇನ್ ನೋವಿನ ಅರಿವನ್ನು ಅಡಗಿಸುವ ಮದ್ದು. ಕುಂಟಬೇಕಾದ ಕುದುರೆಯನ್ನು ಅಂತಹ ಮದ್ದು ಓಡಿಸಬಲ್ಲುದು: ಪಣ ಕಟ್ಟಿದವನಿಗೆ ಅದು ಸುಳ್ಳು ಹೇಳುತ್ತದೆ, ಅದೇ ಗಳಿಗೆಯಲ್ಲಿ ಕುದುರೆಯ ಕಾಲನ್ನು ಮುರಿತಕ್ಕೆ ಒಡ್ಡುತ್ತದೆ.