ಇಂಜಿನ್ ಒಂದೇ, ಹಲ್ಲಿನ ಲೆಕ್ಕ ಬೇರೆ

ಹಳೇ ಡೀಸೆಲ್ ಪಂಪ್‌ಸೆಟ್‌ಗೆ ಹ್ಯಾಂಡಲ್ ಹೊಡೆದವರಿಗೆ ಅದು ತಿರುಗಿ ಹೊಡೆದ್ರೆ ಮಣಿಕಟ್ಟಿನ ಗತಿ ಏನು ಅಂತ ಗೊತ್ತು. ಮೋಟಾರು ಗಾಡಿಗಳಿಗೆ ಈ ಕಾಟ ತಪ್ಪುವ ದಾರಿ ತೋರಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಸ್ಟಾರ್ಟರಿನ ಪುಟ್ಟ ಪಿನಿಯನ್ ಹೋಗಿ ಇಂಜಿನ್ ಹಿಂದಿನ ದೊಡ್ಡ ರಿಂಗ್ ಗೇರಿಗೆ ಕಚ್ಚಬೇಕು, ಅಷ್ಟೇ. ನಮ್ಮ ಟ್ರ್ಯಾಕ್ಟರಿನಲ್ಲಿ ಆ ರಿಂಗ್ ಭಾರದ ಫ್ಲೈವೀಲ್ ಮೇಲಿರುತ್ತೆ. ಆಟೋಮ್ಯಾಟಿಕ್ ಗೇರಿನ ಟ್ರಕ್ಕಿಗೆ ಕ್ಲಚ್ಚೇ ಇಲ್ಲ, ಹಾಗಾಗಿ ತೆಳ್ಳನೆಯ ಉಕ್ಕಿನ ತಟ್ಟೆ ಸಾಕು. ಅದೇ ಫ್ಲೆಕ್ಸ್‌ಪ್ಲೇಟ್.

1955ರಲ್ಲಿ ಷೆವ್ರೊಲೆಟ್ ಒಂದು ಚಿಕ್ಕ ವಿ-8 ಇಂಜಿನ್ ತಂತು. 'ಸ್ಮಾಲ್ ಬ್ಲಾಕ್' ಅಂತ ಹೆಸರಾಯ್ತು. ದಶಕಗಟ್ಟಲೆ ಅದೇ ಮನೆತನದ ಇಂಜಿನ್ ಕಾರಿಗೂ ಹೋಯ್ತು, ಟ್ರಕ್ಕಿಗೂ ಹೋಯ್ತು. ಹಾಗಾಗಿ ಅಲ್ಲಿ ಟ್ರಕ್ಕಿನ ಇಂಜಿನ್ ಸತ್ತರೆ ಹಳೇ ಕಾರಿನದ್ದು ತಂದು ಕೂರಿಸೋದು ಮಾಮೂಲು. ಆದರೆ ಹಿಂದಿನ ತಟ್ಟೆ ಎರಡು ಅಳತೆಯಲ್ಲಿ ಬಂದಿದೆ: 153 ಹಲ್ಲಿನದ್ದು, 168 ಹಲ್ಲಿನದ್ದು.

ಮೋಸ ಇರೋದು ಇಲ್ಲೇ ನೋಡಿ. ಎರಡರ ಹಲ್ಲಿನ ಗಾತ್ರ ಒಂದೇ, ಪಿನಿಯನ್ನಿಗೂ ಒಂಬತ್ತೇ ಹಲ್ಲು. ಬರಿಗಣ್ಣಿಗೆ ವ್ಯತ್ಯಾಸವೇ ತಿಳಿಯಲ್ಲ. ಆದ್ರೆ ಹಲ್ಲು ಕಚ್ಚುವ ಸುತ್ತಿನ ವ್ಯಾಸ ಒಂದರಲ್ಲಿ ಹನ್ನೆರಡೂ ಮುಕ್ಕಾಲು ಇಂಚು, ಇನ್ನೊಂದರಲ್ಲಿ 14 ಇಂಚು. ಅಂದ್ರೆ ದೊಡ್ಡ ತಟ್ಟೆಗೆ ಸ್ಟಾರ್ಟರ್ ಸುಮಾರು 16 ಮಿ.ಮೀ. ಆಚೆ ಕೂರಬೇಕು. ಅದಕ್ಕೇ ಚಿಕ್ಕದರ ಸ್ಟಾರ್ಟರಿಗೆ ಎರಡು ಬೋಲ್ಟೂ ನೇರ ಸಾಲಿನಲ್ಲಿ, ದೊಡ್ಡದಕ್ಕೆ ಓರೆಯಾಗಿ. ಎಷ್ಟೋ ಬ್ಲಾಕಿನಲ್ಲಿ ಎರಡಕ್ಕೂ ತೂತು ಇರ್ತವೆ. ತೂತು ನೋಡಿ ಸ್ಟಾರ್ಟರ್ ತಂದವನು ಕೆಟ್ಟ. ತಟ್ಟೆಯ ಹಲ್ಲು ಎಣಿಸಿಯೇ ತರಬೇಕು.

1986ಕ್ಕೆ ಇನ್ನೊಂದು ಬದಲಾವಣೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನದ್ದು ಹೋಗಿ ಒಂದೇ ತುಂಡಿನದ್ದಾಯ್ತು, ತಟ್ಟೆ ಕೂರುವ ಬೋಲ್ಟಿನ ಸುತ್ತು 3.58 ಇಂಚಿನಿಂದ 3 ಇಂಚಿಗೆ ಇಳೀತು. ಹಳೇ ತಟ್ಟೆ ಹೊಸದಕ್ಕೆ ಕೂರೋದೇ ಇಲ್ಲ. ನನ್ನ ಕೇಳಿದ್ರೆ ಅದೇ ವಾಸಿ, ಕೂರದ ಪಾರ್ಟು ಕೆಲಸ ಕೆಡಿಸಲ್ಲ. ಕೂತು ಕೈಕೊಡೋದು 1970ರಿಂದ 1980ರವರೆಗಿನ 400 ಘನ ಇಂಚಿನ ಇಂಜಿನ್ನಿನ ವಿಚಾರ. ಅದರ ತಟ್ಟೆಗೆ ಸಮತೋಲನದ ಭಾರ ಸೇರಿಸಿರ್ತಾರೆ. ಆ ಕಾಲದ 350ರ ತಟ್ಟೆ ಹಾಕಿದರೂ ಬೋಲ್ಟ್ ಸರಿಹೋಗುತ್ತೆ, ಸ್ಟಾರ್ಟರೂ ಕಚ್ಚುತ್ತೆ, ಇಂಜಿನ್ನೂ ಹೊರಡುತ್ತೆ. ಆಮೇಲೆ ನಡುಗಿ ನಡುಗಿ ಬೇರಿಂಗ್ ತಿಂದುಹಾಕುತ್ತೆ. ಬರೀ ತಟ್ಟೆಯ ಜಾಗದಲ್ಲಿ ಇಡೀ ಇಂಜಿನ್ನಿನ ಖರ್ಚು!

ಎಲ್ಲ ಸರಿಯಾದ ಮೇಲೂ ಹಲ್ಲಿನ ಸಂದು ನೋಡಬೇಕು. ಪಿನಿಯನ್ ಹಲ್ಲಿನ ತುದಿಗೂ ರಿಂಗಿನ ಹಲ್ಲಿನ ತಗ್ಗಿಗೂ ಸುಮಾರು 0.9 ಮಿ.ಮೀ. ಇರಬೇಕು. ಅಲ್ಲಿನ ಮೆಕ್ಯಾನಿಕ್‌ಗಳು ಕಾಗದದ ಕ್ಲಿಪ್ ಬಿಡಿಸಿ ತೂರಿಸಿ ನೋಡ್ತಾರೆ. ಕೀ ತಿರುಗಿಸಿದಾಗಲೇ ಕೀರಲು ಸದ್ದು ಬಂದ್ರೆ ಸಂದು ಜಾಸ್ತಿ. ಇಂಜಿನ್ ಹೊರಟು ಕೀ ಬಿಟ್ಟ ಮೇಲೆ ಬಂದ್ರೆ ಸಂದು ಕಮ್ಮಿ, ಶಿಮ್ ಹಾಕಿ ಸ್ಟಾರ್ಟರನ್ನ ಚೂರು ದೂರ ಸರಿಸ್ತಾರೆ. ಹಾಗೇ ಓಡಿಸಿದ್ರೆ ಸ್ಟಾರ್ಟರಿನ ಮೂತಿ ಒಡೆಯುತ್ತೆ, ಕೆಲವು ಸಲ ಅದನ್ನ ಹಿಡಿದಿರೋ ಬ್ಲಾಕಿನ ಕಿವಿಯೂ. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಎಷ್ಟು ಚೆನ್ನಾಗಿ ನಿಲ್ಲುತ್ತೆ ಅಂತ ನಿಮಗೂ ಗೊತ್ತಲ್ಲ.