ಒಂದೇ ಗಾಡಿ, ಎರಡು ಅಳತೆ

ಕಮರಿಪೇಟೆಯ ಓಣಿಯಲ್ಲಿ ಪ್ಯೂಜೊ ಇಂಜಿನ್ನಿನ ಹಳೇ ಮಹೀಂದ್ರ ಪಿಕಪ್ ಕಂಡರೆ ಒಮ್ಮೆ ಬಗ್ಗಿ ನೋಡ್ರಿ. ಅದರ ಹೊಟ್ಟೆಯೊಳಗ ಎರಡು ದೇಶದ ಚರಿತ್ರೆ ಐತಿ.

ಮಹೀಂದ್ರದವರು 1940ರ ದಶಕದ ಕೊನೆಗೆ ಅಮೆರಿಕದ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರು. ಅದರ ನಟ್ಟು-ಬೋಲ್ಟು ಇಂಚಿನ ಲೆಕ್ಕದವು. 1956ರ ಕಾಯ್ದೆಯಿಂದ ದೇಶ ಮೆಟ್ರಿಕ್ ಅಳತೆಗೆ ಹೊರಳಿತು, ಜೀಪಿನ ಚಾಸಿ ಬಹುಪಾಲು ಇಂಚಿನಲ್ಲೇ ಉಳಿಯಿತು. ಮುಂದೆ ಅದೇ ವಂಶದ ಗಾಡಿಗಳಿಗೆ ಫ್ರಾನ್ಸಿನ ಪ್ಯೂಜೊ ಡೀಸೆಲ್ ಇಂಜಿನ್ ಬಂತು. ಹೆಸರು ಎಕ್ಸ್‌ಡಿಪಿ 4.90. ಅಂದ್ರ ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು. ಇದು ಪೂರ್ತಿ ಮೆಟ್ರಿಕ್.

ಅರ್ಧ ಇಂಚು ಅಂದ್ರ 12.7 ಮಿಲಿಮೀಟರ್. 13ರ ಪಾನಾ ಅದಕ್ಕ ಕೂತಂಗ ಅನಿಸ್ತದ, ಜೋರು ಹಾಕಿದ್ರ ನಟ್ಟಿನ ಮೂಲೆ ಸವೆದು ಹೋಗ್ತದ. ಹಳೇ ಮಿಸ್ತ್ರಿಗಳಿಗೆ ಇದು ಬೆರಳಿಗೇ ಗೊತ್ತು.

ಈಗ ಮ್ಯಾನುವಲ್ಲಿನ ಪಿಡಿಎಫ್ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಅದು ಹೇಳೋದು ಕಾರ್ಖಾನೆಯಿಂದ ಹೊರಬಿದ್ದ ದಿನದ ಗಾಡಿಯ ಸುದ್ದಿ. ಆಮೇಲೆ ಎಲ್ಲಿ ಯಾವ ಬೋಲ್ಟು ಬದಲಾತು ಅನ್ನೋದು ಮಿಸ್ತ್ರಿಯ ತಲೆಯಲ್ಲಿದೆ. ಅವರು ಗ್ಯಾರೇಜ್ ಮುಚ್ಚೂಕಿಂತ ಮೊದಲ ಕೇಳಿ, ಅದೇ ಪಿಡಿಎಫ್ ಪುಟದ ಮ್ಯಾಲೆ ಬರೆದಿಡ್ರಿ.